ಹುತಾತ್ಮನ ಮುಷ್ಟಿಯ ರಿವಾಲ್ವರ್

ಜನವರಿ 8, 1989, ಭಾನುವಾರ

ಬಲಿಪೂಜೆ ಮುಗಿದ ಮೇಲೆ ಪಾದ್ರಿ ಅನ್ಸೆಲ್ಮೊ ನನ್ನನ್ನು ನಿಲ್ಲಿಸಿಕೊಂಡರು. ಚರ್ಚಿನ ಪಕ್ಕದ ಕೋಣೆಯಲ್ಲಿ ನಮ್ಮೂರ ಹುತಾತ್ಮರ ನೆನಪಿಗೆ ಒಂದು ಪ್ರದರ್ಶನ ಮಾಡುತ್ತಾರಂತೆ. ಬರುವ ತಿಂಗಳ ಹತ್ತೊಂಬತ್ತಕ್ಕೆ, ಅಂದರೆ ತಂದೆಯವರು ಪ್ರಾಣ ಕೊಟ್ಟ ದಿನವೇ, ಬಿಷಪ್ಪರು ಬಂದು ಬಾಗಿಲು ತೆರೆಯುತ್ತಾರೆ. ನಡುವಿನ ಗಾಜಿನ ಪೆಟ್ಟಿಗೆಗೆ ನಮ್ಮ ಮನೆಯ ರಿವಾಲ್ವರ್ ಬೇಕು.

"ಅದಿಲ್ಲದೆ ಪ್ರದರ್ಶನ ಎಂಥದ್ದು, ದೋನ್ಯ ಕುಕಾ?" ಅಂದರು. ಅರವತ್ತು ದಾಟಿದ ಮೇಲೆ ಊರಿಗೆಲ್ಲ ನಾನು ದೋನ್ಯ, ಅಂದರೆ ಅಮ್ಮನವರು.

ಯೋಚಿಸಿ ಹೇಳುತ್ತೇನೆ ಅಂದೆ. ಯೋಚಿಸುವುದೇನು ಬಂತು, ಮನೆಗೆ ಹೇಗೆ ನಡೆದು ಬಂದೆನೋ ತಿಳಿಯಲಿಲ್ಲ.

ಸಾನ್ ಹಸಿಂತೊದಲ್ಲಿ ಆ ರಿವಾಲ್ವರಿನ ಕಥೆ ಗೊತ್ತಿಲ್ಲದ ಮಗುವಿಲ್ಲ. ಮೆಕ್ಸಿಕೊ ಸರ್ಕಾರ ಚರ್ಚುಗಳ ಬಾಗಿಲು ಮುಚ್ಚಿಸಿದ ಕಾಲದಲ್ಲಿ ಬಂದೂಕು ಹಿಡಿದು ಗುಡ್ಡ ಹತ್ತಿದವರಲ್ಲಿ ನನ್ನ ತಂದೆ ಎಪಿಫಾನಿಯೊ ಲೊಮೆಲಿಯವರೂ ಒಬ್ಬರು. 1928ರಲ್ಲಿ ಹೊಳೆದಂಡೆಯಲ್ಲಿ ಸೈನ್ಯ ಅವರನ್ನು ಸುತ್ತುವರಿಯಿತು. ಕ್ಯಾಪ್ಟನ್ ಹತ್ತಿರದಿಂದ ಮುಖಕ್ಕೇ ಗುಂಡು ಹೊಡೆದ. ಬೀಳುವಾಗ ತಂದೆಯವರು ಅವನ ಕೈಯಿಂದ ರಿವಾಲ್ವರನ್ನೇ ಕಿತ್ತುಕೊಂಡರು. ಹೆಣ ಊರಿಗೆ ಬಂದಾಗ ಆ ಮುಷ್ಟಿ ಬಿಡಿಸಲು ಯಾರಿಂದಲೂ ಆಗಲಿಲ್ಲ. ಅಮ್ಮ ಬಂದು ಮುಟ್ಟಿದ ಮೇಲೆ ತಾನಾಗಿ ಬಿಚ್ಚಿಕೊಂಡಿತು. ಆಗ ನಾನು ಒಂದು ವರ್ಷದ ಕೂಸು.

ಅವರು ಎಲ್ಲಿದ್ದಾರೆಂದು ಸೈನ್ಯಕ್ಕೆ ಹೇಳಿಕೊಟ್ಟವನು ನಮ್ಮೆದುರು ಮನೆಯ ಸೆಬೆರೊ ಬರಾಹಾಸ್, ಕುದುರೆ ಜೀನು ಹೊಲಿಯುತ್ತಿದ್ದವನು. ಅವನು ಸತ್ತು ಎಷ್ಟೋ ಕಾಲವಾಯಿತು. ಅವನ ಮಗ ಒಲೆಗಾರಿಯೊ ಅದೇ ಅಂಗಡಿಯಲ್ಲಿ ಅದೇ ಕೆಲಸ ಮಾಡಿಕೊಂಡಿದ್ದಾನೆ. ಹುಟ್ಟಿದಾಗಿನಿಂದ ಎದುರು ಬದುರು ಇದ್ದೇವೆ. ಅವನ ಹತ್ತಿರ ಒಂದು ಮಾತೂ ಆಡಿದವಳಲ್ಲ ನಾನು.

ಮನೆಗೆ ಬಂದು ಎದುವಿಹೆಸ್ ಚಿಕ್ಕಮ್ಮನಿಗೆ ಸುದ್ದಿ ಹೇಳಿದೆ. ಚಿಕ್ಕಮ್ಮ ಅಮ್ಮನ ತಂಗಿ, ಎಂಬತ್ತು ದಾಟಿದವಳು. ಅಮ್ಮ ಹೋದ ಮೇಲೆ ಈ ಮನೆಗೂ ಮೇಣದಬತ್ತಿ ಕೆಲಸಕ್ಕೂ ಉಳಿದವರು ನಾವಿಬ್ಬರೇ. ಅವಳು ಹುರುಳಿಕಾಯಿ ಸುಲಿಯುತ್ತಿದ್ದಳು.

"ಗಾಜಿನೊಳಗಿಟ್ಟರೆ ಆ ಕಬ್ಬಿಣ ಸಂತ ಆಗುತ್ತಾ?" ಅಂದಳು. "ಪೆಟ್ಟಿಗೇಲಿ ಬಿದ್ದಿದೆ, ಬಿದ್ದಿರಲಿ ಬಿಡೇ."

"ಬಿಷಪ್ಪರು ಬರ್ತಾರೆ ಚಿಕ್ಕಮ್ಮ."

"ಬರಲಿ. ಊಟ ಮಾಡಿಕೊಂಡು ಹೋಗಲಿ."

ವಯಸ್ಸಾದ ಹಾಗೆ ಇವಳಿಗೆ ಯಾವುದರಲ್ಲೂ ಭಕ್ತಿ ಇಲ್ಲ.

ಜನವರಿ 11

ರಿವಾಲ್ವರನ್ನು ಹೊರಗೆ ತೆಗೆದು ಎಣ್ಣೆ ಬಟ್ಟೆಯಿಂದ ಒರೆಸಿದೆ. ಗಾಜಿನ ಪೆಟ್ಟಿಗೆಯ ಪಕ್ಕ ಇಡುವ ಫಲಕಕ್ಕೆ ವಿವರ ಬೇಕು, ಸೈನ್ಯದ ಗುರುತೇನಾದರೂ ಇದೆಯಾ ನೋಡಿ ಎಂದಿದ್ದರು ಪಾದ್ರಿ. ಹದ್ದಿನ ಮುದ್ರೆ ಇದ್ದೇ ಇರುತ್ತದೆಂದು ನಾನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದೆ. ಹದ್ದಿಲ್ಲ. ಹಿಡಿಯ ಮರದ ಅಂಚಿನಲ್ಲಿ ಅಂಟಿದ್ದ ಹಳೆಯ ಮೇಣ ಕೆರೆದಾಗ ಅವರೆಬೇಳೆಯಷ್ಟು ದೊಡ್ಡ ಗುರಾಣಿ ಕಾಣಿಸಿತು, ಅದರೊಳಗೆ R ಅಕ್ಷರ. ಸ್ವಲ್ಪ ಕೆಳಗೆ ಒಂಟಿಯಾಗಿ D. ಎರಡನ್ನೂ ಗಟ್ಟಿಯಾಗಿ ಒತ್ತಿದ್ದಾರೆ. ಇಂಥ ಮುದ್ರೆ ನಾನು ಎಲ್ಲೂ ಕಂಡಿಲ್ಲ.

ಬೆಚ್ಚಗಿನ ಜೇನುಮೇಣವನ್ನು ಒತ್ತಿ ಅಚ್ಚು ತೆಗೆದೆ. ಕೂದಲೆಳೆಯೂ ಬಿಡದೆ ಬಂತು. ಮೇಣ ಮಾತ್ರ ನನ್ನ ಮಾತು ಕೇಳುತ್ತದೆ.

ಸಂಜೆ ಪಾದ್ರಿ ಫಲಕದ ಬರಹ ತೋರಿಸಲು ಬಂದರು. ಓದಿದೆ. "ಒಬ್ಬ ನೆರೆಯವನ ದ್ರೋಹದಿಂದ" ಎಂದು ಬರೆದಿದ್ದರು.

"ನೆರೆಯವನು ಅಂದ್ರೆ ಯಾವ ನೆರೆಯವನು? ಹೆಸರು ಹಾಕಿ," ಅಂದೆ.

"ಮಗ ಬದುಕಿದ್ದಾನಲ್ಲ, ದೋನ್ಯ ಕುಕಾ. ಮೊಮ್ಮಕ್ಕಳು ಶಾಲೆಗೆ ಹೋಗ್ತಾರೆ."

"ನಮ್ಮಪ್ಪ ಬದುಕಿಲ್ವಲ್ಲ, ಪಾದ್ರಿಗಳೇ."

ಅವರು ಪೆನ್ನು ತೆಗೆದು ಹೆಸರು ಬರೆದುಕೊಂಡರು. ಮುದ್ರೆಗಳನ್ನು ಓದಬಲ್ಲ ಸ್ಪೇನಿನ ಬಾಸ್ಕ್ ಮುದುಕನೊಬ್ಬನ ವಿಳಾಸವನ್ನೂ ಕೊಟ್ಟರು, ಗ್ವಾದಲಹಾರಾ ನಗರದಲ್ಲಿರುವವನು. ಚಿಕ್ಕಮ್ಮ ಅವರಿಗೆ ಕಾಫಿಯನ್ನೂ ಕೇಳಲಿಲ್ಲ.

ಜನವರಿ 17

ಇವತ್ತೇ ಬರೆಯುತ್ತೇನೆ. ಬರೆಯದಿದ್ದರೆ ನಾಳೆ ಬೆಳಗ್ಗೆ ಇದು ಆಗಲೇ ಇಲ್ಲವೆಂದು ನಾನೇ ನನ್ನನ್ನು ನಂಬಿಸಿಬಿಡುತ್ತೇನೆ.

ಮೇಣದ ಅಚ್ಚುಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಬೆಳಗಿನ ಬಸ್ಸಿಗೆ ಗ್ವಾದಲಹಾರಾಕ್ಕೆ ಹೋದೆ. ಆ ಬಾಸ್ಕ್ ಮುದುಕ ದೋನ್ ಕೆಪಾನ ಅಂಗಡಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿದೆ. ಬೀಗ, ತಕ್ಕಡಿ, ಹಳೇ ಆಯುಧಗಳ ರಾಶಿ. ಸ್ಪೇನಿನ ಯುದ್ಧದಲ್ಲಿ ಸೋತು ಹಡಗು ಹತ್ತಿ ಬಂದವನು. ಇಷ್ಟು ವರ್ಷವಾದರೂ ಮಾತು ಮಾತ್ರ ಆ ದೇಶದ್ದೇ. ಬಂದವರೆಲ್ಲ ಕಿವುಡರೆಂಬ ಹಾಗೆ ಕೂಗುತ್ತಾನೆ.

ಅಚ್ಚನ್ನು ಭೂತಗನ್ನಡಿಯಡಿ ಹಿಡಿದವನು ಅಲ್ಲಾಡಲಿಲ್ಲ. ಆಮೇಲೆ ಒಳಗಿದ್ದ ಹೆಂಡತಿಯನ್ನು ಕರೆದ. "ಏ, ಬಾರೇ ಇಲ್ಲಿ! ನಮ್ಮೂರು ಬಂದಿದೆ ನೋಡು, ಐಬಾರ್! ಮೇಣದಲ್ಲಿ ಬಂದಿದೆ!"

ಕಣ್ಣು ಒದ್ದೆಯಾಗಿತ್ತು ಅವನಿಗೆ. ಮೀಸೆ ಮೂಡುವ ವಯಸ್ಸಿನಲ್ಲಿ ಆ ಊರಿನ ಪರೀಕ್ಷಾ ಮನೆಯಲ್ಲಿ ಕೆಲಸ ಮಾಡಿದ್ದನಂತೆ. ಹೊಸ ಆಯುಧಕ್ಕೆ ಜಾಸ್ತಿ ಮದ್ದು ತುಂಬಿ ಹೊಡೆದು ನೋಡುವುದು, ಸಿಡಿಯದಿದ್ದರೆ ಮುದ್ರೆ ಒತ್ತುವುದು.

"ಗುರಾಣಿಯೊಳಗೆ R ಅಂದ್ರೆ ರಿವಾಲ್ವರ್, ಪರೀಕ್ಷೆ ಪಾಸು. ಅಮೆರಿಕದವರ ಮಾದರಿ ನೋಡಿ ನಕಲು ಮಾಡಿದ್ದು. ನಾಚಿಕೆ ಏನಿಲ್ಲ, ಚೆನ್ನಾಗೇ ಮಾಡ್ತಿದ್ವಿ. ಮೆಕ್ಸಿಕೊಗೆ ಹಡಗು ತುಂಬಿ ಕಳಿಸ್ತಿದ್ವಿ."

"ಹಾಗಾದ್ರೆ ಸೈನ್ಯದ ಕ್ಯಾಪ್ಟನ್ ಹತ್ರ ಇರಬಹುದು?"

"ಕ್ಯಾಪ್ಟನ್ ಹತ್ರ, ಕಟುಕನ ಹತ್ರ, ಪಾದ್ರಿ ಹತ್ರಾನೂ ಇರಬಹುದು."

"1928ರಲ್ಲಿ," ಅಂದೆ.

ಅವನು ಭೂತಗನ್ನಡಿ ಕೆಳಗಿಟ್ಟ. "ಇಪ್ಪತ್ತೆಂಟರಲ್ಲಿ ಇದು ಹುಟ್ಟೇ ಇರಲಿಲ್ಲಮ್ಮ. ಇಲ್ಲಿ ನೋಡಿ, ಈ D ವರ್ಷದ ಅಕ್ಷರ. ಇಪ್ಪತ್ತೇಳರಿಂದ ವರ್ಷಕ್ಕೊಂದು ಅಕ್ಷರ ಒತ್ತೋಕೆ ಶುರು ಮಾಡಿದ್ವಿ." ಬೆರಳು ಮಡಚಿದ. "ಆ, ಬೆ, ಸೆ, ಚೆ, ದೆ. ಮೂವತ್ತೊಂದು."

"ಸೆ ಆದಮೇಲೆ ದೆ ಅಲ್ವಾ?" ಅಂದೆ. ನನಗೆ ಅದೊಂದು ವರ್ಷ ಕಡಿಮೆ ಮಾಡಿಕೊಂಡು ಏನಾಗಬೇಕಿತ್ತೋ.

"ಚೆ ಎಲ್ಲಿಗೆ ಹೋಯ್ತು? C ಆದಮೇಲೆ CH, ಆಮೇಲೆ ತಾನೇ D? ನಿಮ್ಮೂರಲ್ಲಿ ಅಕ್ಷರಮಾಲೇಲಿ ಚೆ ಇಲ್ವಾ?" ಎಂದು ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಏನಮ್ಮ ಇದು? ಯಾರದ್ದು ಈ ರಿವಾಲ್ವರ್?"

"ನಮ್ಮ ತಂದೆಯವರನ್ನ ಕೊಂದದ್ದು," ಅಂದೆ. "ಇಪ್ಪತ್ತೆಂಟರಲ್ಲಿ."

ಅವನ ಹೆಂಡತಿ ನೀರು ತಂದುಕೊಟ್ಟಳು. ತಪ್ಪಿರಬಹುದು, ಇನ್ನೊಮ್ಮೆ ನೋಡಿ ಎಂದು ನಾನು ಹೇಳುತ್ತಲೇ ಇದ್ದೆ. ಅವನು ಇನ್ನೊಮ್ಮೆ ನೋಡಿದ, ಮತ್ತೂ ಒಮ್ಮೆ ನೋಡಿದ. ಕೊನೆಗೆ ಮೆಲ್ಲಗೆ, ಆ ಗಂಟಲಿನಿಂದ ಅಂಥ ದನಿ ಬರುತ್ತದೆಂದು ನಾನು ಎಣಿಸಿರಲಿಲ್ಲ, "ಕಥೆ ಹೇಳಿದವರನ್ನ ಕೇಳಿ. ಕಬ್ಬಿಣಕ್ಕೆ ಸುಳ್ಳು ಹೇಳೋಕೆ ಬರಲ್ಲ," ಅಂದ.

ಜನವರಿ 18

ಸೆ. ಚೆ. ದೆ. ಇಡೀ ದಿನ ಇದೇ.

ಜನವರಿ 20

ಯಾರೋ ಬದಲಾಯಿಸಿರಬೇಕು. ಅಮ್ಮ ಕಾಯಿಲೆ ಬಿದ್ದಾಗ ಮನೆಗೆ ಎಷ್ಟು ಜನ ಬಂದು ಹೋದರು! ಅಸಲಿಯನ್ನು ಎತ್ತಿಕೊಂಡು ಇದನ್ನು ಇಟ್ಟಿದ್ದಾರೆ. ಎದುರು ಮನೆಯವನೇ ಮಾಡಿಸಿರಬಹುದು.

ಹೀಗೆ ಬೆಳಗ್ಗೆ ಬರೆದೆ. ಮಧ್ಯಾಹ್ನ ಹಿಡಿಯ ಮೇಲಿನ ಸೀಳು ನೋಡಿದೆ. ಚಿಕ್ಕವಳಿದ್ದಾಗ ಅದರಲ್ಲಿ ಉಗುರು ಸಿಕ್ಕಿಸಿಕೊಂಡು ಬೈಸಿಕೊಂಡಿದ್ದೆ. ಬದಲಾಗಿಲ್ಲ. ಇದು ಅದೇ.

ಚಿಕ್ಕಮ್ಮನಿಗೆ ಅಚ್ಚು ತೋರಿಸಿ ಮುದುಕ ಹೇಳಿದ್ದನ್ನು ಹೇಳಿದೆ. ಅವಳು ಅಚ್ಚನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ಹಾಲು ಉಕ್ತಾ ಇದೆ ನೋಡು," ಅಂದಳು.

ಒಲೆಯ ಮೇಲೆ ಹಾಲೇ ಇರಲಿಲ್ಲ.

ಜನವರಿ 24

ಕಾಂದೆಲಾರಿಯಾ ಹಬ್ಬ ಹತ್ತಿರ ಬಂತು. ಅಂದು ಊರಿಗೆ ಊರೇ ಮೇಣದಬತ್ತಿ ಹಿಡಿದು ಚರ್ಚಿಗೆ ಹೋಗುತ್ತದೆ, ನಮಗೆ ವರ್ಷದ ಅರ್ಧ ವ್ಯಾಪಾರ. ಬೆಳಗ್ಗೆ ನಾನು ಅಚ್ಚುಗಳಿಗೆ ಮೇಣ ಹೊಯ್ಯುತ್ತಿದ್ದೆ. ಚಿಕ್ಕಮ್ಮ ಬತ್ತಿಯ ದಾರ ಕತ್ತರಿಸುತ್ತಿದ್ದವಳು ಕತ್ತರಿ ಕೆಳಗಿಟ್ಟಳು.

"ಹೊಳೆ ಹತ್ರ ಸತ್ತೋನು ನಿಮ್ಮಪ್ಪ ಅಲ್ಲ ಕಣೇ, ಕುಕಾ."

ನಾನು ಹೊಯ್ಯುತ್ತಲೇ ಇದ್ದೆ.

"ಯಾರೋ ಏನೋ. ಮುಖ ಇರಲಿಲ್ಲ ಅದಕ್ಕೆ. ಎಪಿಫಾನಿಯೊ ಹಿಂದಿನ ದಿನಾನೇ ತೊಡೆಗೆ ಗುಂಡು ಬಿದ್ದು ತೆವಳ್ಕೊಂಡು ಮನೆಗೆ ಬಂದಿದ್ದ. ಇಲ್ಲೇ, ನಿನ್ನ ತಲೆ ಮೇಲಿರೋ ಅಟ್ಟದಲ್ಲಿ ಮಲಗಿದ್ದ. ಸೈನ್ಯದೋರು ಹೆಣ ತಂದು ಚೌಕದಲ್ಲಿ ಹಾಕಿ ಯಾರಿದು ಅಂದ್ರು. ನಿಮ್ಮಮ್ಮ ಹೋಗಿ ನನ್ನ ಗಂಡ ಅಂತ ಮೇಲೆ ಬಿದ್ದು ಅತ್ತಳು. ಸತ್ತೋನ್ನ ಯಾರು ಹುಡುಕ್ತಾರೆ ಹೇಳು? ಅಷ್ಟು ಜಾಣೆ ಅವಳು."

ಮೇಣ ಅಚ್ಚು ತುಂಬಿ ನನ್ನ ಕೈಮೇಲೆ ಹರಿಯುತ್ತಿತ್ತು. ಸುಡುತ್ತಿದೆ ಎಂದು ಚಿಕ್ಕಮ್ಮನೇ ಕೂಗಿದಳು. ನನಗೆ ಗೊತ್ತಾಗಲಿಲ್ಲ.

"ಆಮೇಲೆ?" ಅಂದೆ.

"ಆಮೇಲೆ ಏನು. ಮಾರನೇ ವರ್ಷ ರಾಜಿ ಆಯ್ತು, ಚರ್ಚು ತೆಗೆದ್ರು, ಗುಡ್ಡದಲ್ಲಿದ್ದೋರು ಇಳಿದು ಬಂದ್ರು. ನಾನೂ ಇಳೀತೀನಿ ಅಂದ. ಅಷ್ಟೊತ್ತಿಗೆ ಹೆಂಗಸರು ಅವನ ಸಮಾಧಿ ಮೇಲೆ ಬತ್ತಿ ಹಚ್ಚೋಕೆ ಶುರು ಮಾಡಿದ್ರು. ಯಾರದೋ ಮಗೂಗೆ ಜ್ವರ ಬಿಡ್ತಂತೆ. ನಿನಗೆ ಹರಕೆ ಹೊತ್ತಿದ್ದಾರೆ, ಈಗ ಹೆಂಗೆ ಇಳೀತೀಯ ಅಂದಳು ನಿಮ್ಮಮ್ಮ. ಇಳಿದು ಬಂದೋರನ್ನ ಬೇರೆ ಸರ್ಕಾರದ ಜನ ಒಬ್ಬೊಬ್ಬರನ್ನೇ ದಾರೀಲಿ ಮುಗಿಸ್ತಿದ್ರು. ಇವನು ಉಳ್ಕೊಂಡ."

"ಈ ಮನೆಯಲ್ಲಿ? ನಾನು ನೋಡಲಿಲ್ಲವಾ?"

"ನೋಡಿದ್ದೀಯ. ಚೋನ್ ಮಾಮ."

ಚೋನ್ ಮಾಮ. ಸಂಜೆ ಕದ ಹಾಕಿದ ಮೇಲೆ ಅಟ್ಟದಿಂದ ಇಳಿಯುತ್ತಿದ್ದ ಕುಂಟು ಮಾಮ. ಮೇಣ ಹಿಚುಕಿ ನನಗೆ ಹುಂಜ, ಕತ್ತೆ ಮಾಡಿಕೊಡುತ್ತಿದ್ದ. ಪಿಸುಮಾತಲ್ಲಿ ಮಾತ್ರ ಮಾತಾಡುತ್ತಿದ್ದ. ಅವನ ಸುದ್ದಿ ಹೊರಗೆ ಹೇಳಿದರೆ ನಾಲಿಗೆಗೆ ಮೆಣಸಿನಕಾಯಿ ತಿಕ್ಕುತ್ತೇನೆಂದು ಅಮ್ಮ ಹೆದರಿಸಿದ್ದಳು. ಆಮೇಲೊಂದು ದಿನ ಉತ್ತರಕ್ಕೆ, ಅಮೆರಿಕಕ್ಕೆ ಹೊರಟುಹೋದ ಅಂದರು. ಹೇಳದೆ ಹೋದನಲ್ಲ ಎಂದು ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟಿತ್ತು. ಇವತ್ತಿಗೂ.

ಕೂತುಕೊಂಡೆ. ಚಿಕ್ಕಮ್ಮ ನನ್ನ ಸುಟ್ಟ ಕೈಗೆ ಕೊಬ್ಬು ಹಚ್ಚುತ್ತ ಉಳಿದದ್ದನ್ನು ಹೇಳಿದಳು. ಒಂದು ಸಲವೂ ತಲೆ ಎತ್ತಲಿಲ್ಲ.

ಹೆಣ ಬಂದ ದಿನ, ಯಾರು ಹೇಳಿಕೊಟ್ಟರು ಎಂಬ ಮಾತು ಎದ್ದಿತಂತೆ. ಸೆಬೆರೊ ಸೈನಿಕರ ಜೀನು ರಿಪೇರಿ ಮಾಡುತ್ತಿದ್ದ. ತಲೆಗೆ ಬಂದೂಕು ಇಟ್ಟು ಮಾಡಿಸುತ್ತಿದ್ದರು, ಮಾಡದೆ ಇರುವ ಹಾಗಿರಲಿಲ್ಲ. ಗುಂಪಿನಲ್ಲಿ ಯಾರೋ ಅವನ ಹೆಸರು ಹೇಳಿದರು. ಎಲ್ಲರೂ ಅಮ್ಮನ ಮುಖ ನೋಡಿದರು. ಅಮ್ಮ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಆ ವಾರವೇ ಅವನ ಅಂಗಡಿಗೆ ಬೆಂಕಿ ಬಿತ್ತು. ಚರ್ಚಿನಲ್ಲಿ ಅವನು ಕೂತ ಬೆಂಚಿನಿಂದ ಜನ ಎದ್ದು ಹೋಗುತ್ತಿದ್ದರು. ಅಪ್ಪ ಅಟ್ಟದ ಕಿಂಡಿಯಿಂದ ಎಲ್ಲ ನೋಡುತ್ತಿದ್ದನಂತೆ.

"ಮೂವತ್ತೆರಡರಲ್ಲಿ, ಕಾಂದೆಲಾರಿಯಾಕ್ಕೆ ಮುಂಚೆ, ಸೆಬೆರೊನ ಕೂಸು ತೀರಿಕೊಳ್ತು," ಅಂದಳು ಚಿಕ್ಕಮ್ಮ. "ಹೆಗಲು ಕೊಡೋಕೆ ಒಬ್ಬ ನರಪಿಳ್ಳೆ ಬರಲಿಲ್ಲ. ಅವನೇ ಪೆಟ್ಟಿಗೇನ ಕಂಕುಳಲ್ಲಿ ಇಟ್ಕೊಂಡು ಹೋದ. ಹಿಂದೆ ಆ ಒಲೆಗಾರಿಯೊ, ಇಷ್ಟುದ್ದ ಇದ್ದ. ಎಪಿಫಾನಿಯೊ ಕಿಂಡೀಲಿ ನೋಡ್ದ. ಆಮೇಲೆ ಊಟ ಬಿಟ್ಟ. ಹಬ್ಬದ ದಿನ ಊರೆಲ್ಲ ಚರ್ಚಲ್ಲಿತ್ತು. ಒಗೆದ ಅಂಗಿ ಹಾಕ್ಕೊಂಡು ಇಳಿದ. ಚರ್ಚಿನ ಬಾಗಿಲಲ್ಲಿ ನಿಂತು ಇಗೋ ನಾನು ಬದುಕಿದ್ದೀನಿ, ಸೆಬೆರೊ ಯಾರಿಗೂ ಏನೂ ಹೇಳಿಲ್ಲ ಅಂತ ಹೇಳ್ತೀನಿ ಅಂದ. ಸೊಂಟದಲ್ಲಿ ರಿವಾಲ್ವರ್ ಇತ್ತು. ದಾರೀಲಿ ಸರ್ಕಾರದೋರು ಹಿಡಿದ್ರೆ ಅಂತ. ಅದನ್ನ ನಾನೇ ತಂದುಕೊಟ್ಟಿದ್ದೆ, ಜಾತ್ರೆಗೆ ಬಂದ ವ್ಯಾಪಾರಿ ಹತ್ರ. ಹೊಸದು, ಮಿಂಚ್ತಿತ್ತು."

"ನಿಮ್ಮಮ್ಮ ಬಾಗಿಲಿಗೆ ಅಡ್ಡ ನಿಂತಳು," ಎಂದು ಮುಂದುವರಿಸಿದಳು. "ನಮ್ಮನ್ನ ಜೀವಂತ ಸುಡ್ತಾರೆ, ಮಗಳನ್ನ ನೋಡು ಅಂದಳು. ಅವಳನ್ನ ಸರಿಸಿ ಬಾಗಿಲು ತೆಗೆದ. ಹೆದರಿಸೋಕೆ ಅಂತ ರಿವಾಲ್ವರ್ ತೆಗೆದನೋ ಏನೋ. ನಾನು ಹಾರಿ ಕೈ ಹಿಡಿದೆ. ನನಗೆ ಅಂಥಾ ಶಕ್ತಿ ಎಲ್ಲಿತ್ತೋ. ಗುಂಡು ಹಾರಿತು. ನನ್ನ ಬೆರಳೋ ಅವನ ಬೆರಳೋ ಗೊತ್ತಿಲ್ಲ ಕಣೇ. ಚರ್ಚಲ್ಲಿ ಗಂಟೆ, ಪಟಾಕಿ. ಯಾರಿಗೂ ಕೇಳಿಸಲಿಲ್ಲ."

ನೆಲ ಇತ್ತು, ಗೋಡೆ ಇತ್ತು. ಅಷ್ಟು ಮಾತ್ರ ನನಗೆ ಗೊತ್ತಿತ್ತು.

"ಎಲ್ಲಿ ಹೂಳಿದಿರಿ?"

"ಅವನ ಹೆಸರಿನ ಗುಂಡಿ ಇತ್ತಲ್ಲ. ರಾತ್ರೋರಾತ್ರಿ ಅದರಲ್ಲೇ. ಅವತ್ತಿಂದ ಆ ಸಮಾಧಿ ಸುಳ್ಳಾಗಲಿಲ್ಲ."

"ಮತ್ತೆ ಮುಷ್ಟಿ? ರಿವಾಲ್ವರ್ ಕಿತ್ತುಕೊಂಡಿದ್ದು?"

ಆಗ ತಲೆ ಎತ್ತಿದಳು. "ಅದು ನೀನು ಕೇಳಿ ಹುಟ್ಟಿದ್ದು. ಮೇಣದ ಪೆಟ್ಟಿಗೇಲಿ ಅದು ಸಿಕ್ಕಿ, ಯಾರದು ಯಾರದು ಅಂತ ಪೀಡಿಸ್ದೆ. ಅವಳಿಗೆ ಆಗ ಬಾಯಿಗೆ ಬಂದಿದ್ದು ಹೇಳಿದಳು. ನೀನು ಇಡೀ ಶಾಲೆಗೆ ಹೇಳ್ಕೊಂಡು ಬಂದೆ."

ಜನವರಿ 25

ಅಟ್ಟ ಹತ್ತಿದೆ. ಕಿಂಡಿಯಿಂದ ಅಂಗಡಿಯ ಬಾಗಿಲು ನೇರವಾಗಿ ಕಾಣುತ್ತದೆ.

ಜನವರಿ 29

ಪೂಜೆಗೆ ಹೋಗಲಿಲ್ಲ. ಪಾದ್ರಿ ರಿವಾಲ್ವರ್ ಒಯ್ಯಲು ಬಂದಾಗ ಇನ್ನೂ ಒರೆಸಿ ಮುಗಿದಿಲ್ಲವೆಂದೆ.

ಚಿಕ್ಕಮ್ಮನಿಗೆ ಊಟ ಬಡಿಸುತ್ತೇನೆ, ತಲೆ ಬಾಚುತ್ತೇನೆ. ಆ ಕೈಗಳನ್ನು ನೋಡುತ್ತೇನೆ. ನನಗೆ ಜಡೆ ಹಾಕಿದ ಕೈ, ನನ್ನ ಮದುವೆ ಮುರಿದಾಗ ಬೆನ್ನು ಸವರಿದ ಕೈ. ಅದನ್ನು ದ್ವೇಷಿಸಬೇಕೆಂದು ಕೂತು ಪ್ರಯತ್ನಿಸಿದೆ, ಆಗಲಿಲ್ಲ. ಅಮ್ಮನ ಮೇಲೆ ಮಾತ್ರ ಆಗುತ್ತದೆ. ಅದೂ ಒಂದು ಗಳಿಗೆ, ಆಮೇಲೆ ಬಾಗಿಲಿಗೆ ಅಡ್ಡ ನಿಂತವಳು ಕಣ್ಣ ಮುಂದೆ ಬರುತ್ತಾಳೆ. ಅವಳ ಹಿಂದೆ ಎಲ್ಲೋ ನಾನು ಆಡುತ್ತಿದ್ದೆ.

ಸೆಬೆರೊ ಮಾಡದ ದ್ರೋಹದ ಹೆಸರು ಹೊತ್ತುಕೊಂಡೇ ಸತ್ತ. ಒಲೆಗಾರಿಯೊ ಇವತ್ತೂ ಎಂದಿನಂತೆ ಅಂಗಡಿ ಮುಂದೆ ಚರ್ಮ ನೆನೆಹಾಕುತ್ತಿದ್ದ. ಬೆನ್ನು ಬಾಗಿದೆ. ಯಾವಾಗ ಬಾಗಿತೋ, ನಾನು ನೋಡಿಯೇ ಇರಲಿಲ್ಲ.

ಫೆಬ್ರವರಿ 2, ಕಾಂದೆಲಾರಿಯಾ

ಬೆಳಗ್ಗೆಯೇ ಬತ್ತಿಗಳೆಲ್ಲ ಖಾಲಿಯಾದವು. ಗಂಟೆ ಬಾರಿಸಿತು, ಬೀದಿ ಬರಿದಾಯಿತು. ಪಟಾಕಿಯ ಮೊದಲ ಸದ್ದಿಗೆ ಚಿಕ್ಕಮ್ಮ ಕಿವಿ ಮುಚ್ಚಿಕೊಂಡಳು. ಪ್ರತಿ ವರ್ಷ ಮುಚ್ಚಿಕೊಳ್ಳುತ್ತಾಳೆ. ವಯಸ್ಸಾಯಿತೆಂದು ನಾನು ನಗುತ್ತಿದ್ದೆ.

ಶಾಲು ಹೊದ್ದುಕೊಂಡು ಬೀದಿ ದಾಟಿದೆ. ಒಲೆಗಾರಿಯೊ ಒಳಗೆ ಕೂತು ಹೊಲಿಯುತ್ತಿದ್ದರು. ಹಬ್ಬದ ದಿನ ಆ ಮನೆಯವರು ಚರ್ಚಿಗೆ ಹೋಗುವುದಿಲ್ಲ ಎಂಬುದೂ ನನಗೆ ಇವತ್ತೇ ಗೊತ್ತಾದದ್ದು.

"ಬತ್ತಿ ಬೇಡ," ಅಂದರು, ತಲೆ ಎತ್ತದೆ.

"ಮಾರೋಕೆ ಬಂದಿಲ್ಲ," ಅಂದೆ. ನಿಂತೇ ಎಲ್ಲ ಹೇಳಿದೆ. ಕೂರಿ ಅನ್ನಲಿಲ್ಲ ಅವರು. ಸೂಜಿ ನಿಂತದ್ದು ಒಂದೇ ಕಡೆ, ಕೂಸಿನ ಮಾತು ಬಂದಾಗ. ನಾನು ಮುಗಿಸಿದ ಮೇಲೆ ದಾರ ಕಚ್ಚಿ ಕತ್ತರಿಸಿದರು.

"ಮುಗೀತಾ?"

"ಹೂಂ."

"ನಮ್ಮಪ್ಪ ಹೇಳಿಕೊಟ್ಟಿಲ್ಲ ಅಂತ ನನಗೆ ಗೊತ್ತಿತ್ತು. ನಮ್ಮಮ್ಮಂಗೆ ಗೊತ್ತಿತ್ತು. ಗೊತ್ತಿರೋನಿಗೆ ಬಂದು ಹೇಳ್ತಿದ್ದೀರಲ್ಲ, ದೋನ್ಯ ಕುಕಾ, ಏನು ಉಪಯೋಗ? ಗೊತ್ತಿಲ್ಲದವರಿಗೆ ಹೇಳಿ."

ಜೀನನ್ನು ಮಗ್ಗುಲು ತಿರುಗಿಸಿಕೊಂಡು ಮತ್ತೆ ಸೂಜಿ ಹಿಡಿದರು.

"ಅವಳ ಹೆಸರು ಪೌಲಾ," ಅಂದರು. "ಕೂಸು ಕೂಸು ಅಂತೀರಿ. ಪೌಲಾ. ನಗೋಕೆ ಕಲಿತಿದ್ದಳು ಆಗ."

ಬಾಗಿಲವರೆಗೆ ಬಂದಾಗ ಹಿಂದಿನಿಂದ ಮತ್ತೊಂದು ಮಾತು ಬಂತು. "ಹೇಳೋದಾದ್ರೆ ಎಲ್ಲರೂ ಇರೋ ಕಡೆ ಹೇಳಿ. ನಮ್ಮಪ್ಪನ ಹೆಸರನ್ನ ಎಲ್ಲರೂ ಇರೋ ಕಡೇನೇ ಹೇಳಿದ್ರು."

ಫೆಬ್ರವರಿ 5

ಪಾದ್ರಿಗೆ ಹೇಳಿದೆ. ಬೆವರಿದರು ಪಾಪ. ಎದ್ದು ಬಾಗಿಲು ಹಾಕಿ ಬಂದರು.

"ಬರಾಹಾಸ್ ಹೆಸರನ್ನ ಫಲಕದಿಂದ ತೆಗೆದುಬಿಡೋಣ. ರಿವಾಲ್ವರ್ ಇಡೋದೇ ಬೇಡ. ಅಷ್ಟು ಸಾಕಲ್ವಾ? ಆ ಸಮಾಧಿಗೆ ಎಷ್ಟು ಜನ ನಡಕೊಳ್ತಾರೆ. ಅವರ ನಂಬಿಕೇನ ಏನು ಮಾಡೋಣ?"

"ಅಷ್ಟು ಸಾಕಾಗಿದ್ರೆ ಅಪ್ಪ ಅಟ್ಟ ಇಳೀತಿರಲಿಲ್ಲ, ಪಾದ್ರಿಗಳೇ."

"ನಿಮ್ಮ ಚಿಕ್ಕಮ್ಮ? ಈ ವಯಸ್ಸಲ್ಲಿ?"

ಮನೆಗೆ ಬಂದು, ನಿನ್ನ ವಿಷಯ ಬಿಟ್ಟು ಹೇಳುತ್ತೇನೆ, ಗುಂಡು ತಾನಾಗಿ ಹಾರಿತು ಅನ್ನುತ್ತೇನೆ ಅಂದೆ. ಚಿಕ್ಕಮ್ಮ ಸಿಟ್ಟಿಗೆದ್ದಳು.

"ಅರ್ಧ ಬಿಟ್ಟರೆ ಅದೂ ಇನ್ನೊಂದು ಕಥೆ ಆಗುತ್ತೆ. ನಿಮ್ಮಮ್ಮನ ಮಗಳೇ ನೀನು. ನನ್ನ ಕರಿ ಶಾಲು ಒಗೆದು ಹಾಕು, ನಾನೂ ಬರ್ತೀನಿ."

ಫೆಬ್ರವರಿ 19

ಹೇಳಿದೆ.

ಏನೇನು ಹೇಳಿದೆನೋ ಈಗ ನೆನಪಿಲ್ಲ. ಬಿಷಪ್ಪರು ಕತ್ತರಿ ಹಿಡಿದು ನಿಂತಿದ್ದರು, ಬಾಗಿಲಿಗೆ ಪಟ್ಟಿ ಕಟ್ಟಿತ್ತು. ಪಾದ್ರಿ ನನ್ನನ್ನು ಹುತಾತ್ಮರ ಮಗಳು ಎಂದು ಪರಿಚಯ ಮಾಡಿಸಿ ಹಿಂದೆ ಸರಿದರು. ಅವರು ತಡೆಯಲಿಲ್ಲ, ಅಷ್ಟು ಉಪಕಾರ ಮಾಡಿದರು. ನಾನು ಶುರು ಮಾಡಿದಾಗ ಜನ ಎಂದಿನ ಕಥೆ ಎಂದುಕೊಂಡು ತಲೆಯಾಡಿಸುತ್ತಿದ್ದರು. ಯಾವ ಮಾತಿಗೆ ತಲೆಯಾಡುವುದು ನಿಂತಿತೋ. ಕೊನೆಗೆ ಹಿಂದಿನಿಂದ ಯಾರೋ "ಸುಳ್ಳಿ!" ಎಂದು ಕೂಗಿದರು. ಎಪಿಫಾನಿಯೊ ಎಂದು ಹರಕೆಯ ಹೆಸರಿಟ್ಟ ಮಗುವನ್ನು ಎತ್ತಿಕೊಂಡು ಒಬ್ಬಳು ಅಳುತ್ತ ಹೊರಟಳು. ಅವಳಿಗೆ ಏನು ಹೇಳಲಿ?

ಚಿಕ್ಕಮ್ಮ ಕುರ್ಚಿಯಿಂದ ಏಳಲು ಹೋಗಿ ಏಳಲಾಗದೆ ಕೂತಲ್ಲಿಂದಲೇ ಕೂಗಿದಳು. "ಅವಳಲ್ಲ, ನಾನು! ಕೈ ಹಿಡಿದೋಳು ನಾನು! ಸೆಬೆರೊ ಏನೂ ಮಾಡಿರಲಿಲ್ಲ!" ಅಷ್ಟು ಸಣ್ಣ ದೇಹದಿಂದ ಅಷ್ಟು ದೊಡ್ಡ ದನಿ.

ಒಲೆಗಾರಿಯೊ ಅಂಗಳದ ಅಂಚಿನಲ್ಲಿ ನಿಂತಿದ್ದರು, ಪಕ್ಕದಲ್ಲಿ ಮೊಮ್ಮಕ್ಕಳು. ಜನ ಅವರ ಕಡೆ ತಿರುಗಿದರು. ಅವರು ಯಾರನ್ನೂ ನೋಡಲಿಲ್ಲ. ಟೋಪಿ ತೆಗೆದರು, ಅಷ್ಟೆ.

ಫೆಬ್ರವರಿ 21

ಮೂರು ಮನೆಯವರು ಈಸ್ಟರಿಗೆ ಹೇಳಿದ್ದ ಬತ್ತಿ ಬೇಡವೆಂದು ಕಳಿಸಿದ್ದಾರೆ. ಬೆಳಗ್ಗೆ ಬಾಗಿಲಿಗೆ ಯಾರೋ ಉಗಿದಿದ್ದರು, ತೊಳೆದೆ. ಊರಿನ ಅಧ್ಯಕ್ಷ ಬಂದು, ಐವತ್ತು ವರ್ಷ ದಾಟಿದ ಸಂಗತಿ, ಯಾರ ಮೇಲೆ ಏನೆಂದು ಬರೆದುಕೊಳ್ಳಲಿ ಎಂದು ಚಿಕ್ಕಮ್ಮನನ್ನು ಕೇಳಿದ. "ನನ್ನ ಹೆಸರು ಬರ್ಕೊ, ನಿನ್ನ ಕೈಬರಹ ನೋಡೋಣ," ಅಂದಳು. ರಿವಾಲ್ವರನ್ನು ಅವನ ಕೈಗೇ ಕೊಟ್ಟು ಕಳಿಸಿದೆ.

ಮಧ್ಯಾಹ್ನ ಒಲೆಗಾರಿಯೊ ಅವರು ಬಂದರು. ಬಾಗಿಲ ಹೊರಗೇ ನಿಂತರು.

"ಒಂದು ಕೇಳಬೇಕಿತ್ತು," ಅಂದರು. "ನಿಮ್ಮಪ್ಪ ಬಿದ್ದದ್ದು ಎಲ್ಲಿ? ಒಳಗಾ, ಹೊರಗಾ?"

ನನಗೆ ಗೊತ್ತಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಉತ್ತರ ಒಳಗಿನಿಂದ ಬಂತು, ಚಿಕ್ಕಮ್ಮನಿಗೆ ಬೇಕಾದದ್ದೆಲ್ಲ ಕೇಳಿಸುತ್ತದೆ.

"ಒಂದು ಕಾಲು ಹೊರಗಿತ್ತು. ಬಲಗಾಲು. ನಾನೇ ಎಳೆದು ಒಳಗೆ ಹಾಕಿದ್ದು."

ಅವರು ಕೆಳಗೆ ನೋಡಿದರು. ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಕುಕ್ಕರುಗಾಲಲ್ಲಿ ಕೂತು, ಹೊಸ್ತಿಲಿನ ಆಚೆಯ ಕಲ್ಲಿನ ಮೇಲೆ ಅಂಗೈ ಇಟ್ಟರು. ಚರ್ಮದ ಬಣ್ಣ ಹಿಡಿದ ದಪ್ಪ ಬೆರಳುಗಳು.

"ಹಾಗಾದ್ರೆ ಹೊರಟಿದ್ದರು," ಅಂದರು.

"ಹೌದು."

"ಅಪ್ಪ ಸಾಯೋವರೆಗೂ ಒಂದೇ ಮಾತು ಹೇಳ್ತಿದ್ದ. ಇಷ್ಟು ದೊಡ್ಡ ಊರಲ್ಲಿ ನನ್ನ ಪರವಾಗಿ ಒಬ್ಬನೂ ಮನೆಯಿಂದ ಹೊರಗೆ ಕಾಲಿಡಲಿಲ್ಲ ಅಂತ." ಎದ್ದು ನಿಲ್ಲಲು ನನ್ನ ಕೈ ಹಿಡಿದುಕೊಂಡರು. "ಇಟ್ಟಿದ್ದರು. ಅವನಿಗೆ ಗೊತ್ತಾಗಲಿಲ್ಲ."

"ಯಾಕೇ ಅವನನ್ನ ಬಿಸಿಲಲ್ಲಿ ನಿಲ್ಲಿಸಿದ್ದೀಯ?" ಎಂದು ಚಿಕ್ಕಮ್ಮ ಕೂಗಿದಳು. "ಒಳಗೆ ಕರಿ. ಕಾಫಿ ಇಡು. ಬಾಗಿಲು ತೆಗೆದೇ ಇರಲಿ, ಜನ ನೋಡಲಿ."

ಅವರು ಒಳಗೆ ಬಂದು ಮೇಜಿನ ಹತ್ತಿರ ಕೂತರು. ಚಿಕ್ಕಮ್ಮ ಎದುರಿಗೆ ಕೂತಳು. ಸಕ್ಕರೆ ಎಷ್ಟು ಎಂದು ನಾನು ಕೇಳಿದೆ. ಎದುರು ಮನೆಯವರಿಗೆ ಸಕ್ಕರೆ ಎಷ್ಟು ಬೇಕೆಂದು ನನಗೆ ಗೊತ್ತಿರಲಿಲ್ಲ. ಬೇಡ ಅಂದರು.